ಎಡ ಮೊಣಕಾಲಿನ ಅಳತೆ

ಪ್ರಣೀತಾ ಮೊದಲ ಸಲ ಉಮಾವತಿಯ ಅಂಗಡಿಗೆ ಬಂದದ್ದು ೨೦೦೩ರ ಜೂನಿನಲ್ಲಿ. ಠಾಣೆ ಊರಿನ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಲೋಕಲ್ ರೈಲು ಹಿಡಿಯಲು ಅವಳಿಗೆ ನಲವತ್ತೇ ನಿಮಿಷ ಉಳಿದಿತ್ತು. ಅಂಗಡಿ ಅಂದರೆ ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಮೆಟ್ಟಿಲಿನ ಅಡಿ; ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು ಹಿಡಿಸುವಷ್ಟು ಜಾಗ. ಹದಿನಾಲ್ಕರ ಉದ್ದನೆಯ ಹುಡುಗಿ ತಲೆ ತಾಗದಂತೆ ಬಗ್ಗಿ ನಿಂತು, ನೀಲಿ ಚಡ್ಡಿಯೊಂದನ್ನು ಯಂತ್ರದ ಮೇಲೆ ಹಾಕಿದಳು.

"ಇದು ನಿನ್ನದಾ, ನಿನ್ನ ಅಪ್ಪನದ್ದಾ ಮಾರಾಯ್ತಿ?"

"ಹುಡುಗರ ಟೀಮಿನ ಹಳೇದು ಉಮಕ್ಕ. ಓಡುವಾಗ ಜಾರ್ತದೆ. ನಾನು ಬಾಲ್ ಹಿಡಿಯುದಾ, ಚಡ್ಡಿ ಹಿಡಿಯುದಾ?"

ಉಮಾವತಿ ನಗುತ್ತಲೇ ಸೊಂಟದ ಅಳತೆ ತೆಗೆದಳು. ಅವಳಿಗೆ ಅಂಕಿ ಬರುತ್ತಿತ್ತು, ಅಕ್ಷರದಲ್ಲಿ ತನ್ನ ಸಹಿಯಷ್ಟೇ. ಹಾಗಾಗಿ ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರಿನ ಬದಲು ಚಿತ್ರಗಳಿರುತ್ತಿದ್ದವು. ಪ್ರಣೀತಾಳ ಹಾಳೆಯಲ್ಲಿ ಒಂದು ಚೆಂಡು ಬರೆದಳು. ಅಂದು ಸಂಜೆ ಹುಡುಗಿ ಓಡಿ ಬಂದು, ಒಬ್ಬಳೇ ಇಪ್ಪತ್ತಾರು ಪಾಯಿಂಟು ಹೊಡೆದೆ ಅಂದಳು.

ಉಮಾವತಿಗೆ ಯಂತ್ರ ತುಳಿಯಲು ಕಲಿಸಿದ್ದು ತೀರಿಹೋದ ಗಂಡ ಜಯಶೀಲ. ಜೊತೆಗೆ ಒಂದು ನೇಮವನ್ನೂ ಕಲಿಸಿದ್ದ: ಟೇಪು ಹೇಳಿದ್ದು ಅಂಗಡಿಯ ಆಚೆ ಹೋಗಬಾರದು. ಯಾರ ಸೊಂಟ ದಪ್ಪವಾಯಿತು, ಯಾರ ಮೈ ಇಳಿಯಿತು, ಯಾವ ಸೊಸೆಯ ಹೊಟ್ಟೆ ಮುಂದೆ ಬಂತು, ಎಲ್ಲವೂ ಟೇಪಿಗೆ ಮೊದಲು ಗೊತ್ತಾಗುತ್ತದೆ. ಬಾಯಿಬಿಟ್ಟ ದರ್ಜಿಯ ಹತ್ತಿರ ಯಾರೂ ಬರುವುದಿಲ್ಲ. ಉಮಾವತಿ ಆ ನೇಮವನ್ನು ಒಂದು ದಿನವೂ ಮುರಿದವಳಲ್ಲ.

೨೦೦೫ರಲ್ಲಿ ರಾಜ್ಯ ತಂಡದ ಆಯ್ಕೆಗೆ ಎರಡು ದಿನವಿರುವಾಗ ಪ್ರಣೀತಾ ಮೊಣಕಾಲಿನ ಪಟ್ಟಿ ತಂದಳು. ಒಳಗೆ ಅಗಲದ ಇಲಾಸ್ಟಿಕ್ ಎರಡು ಪದರ ಹಾಕಬೇಕು, ಅದು ಕೋಚ್ ಸರ್ ಕಣ್ಣಿಗೆ ಬೀಳದಂತೆ ಚಡ್ಡಿಯನ್ನು ಉದ್ದ ಮಾಡಬೇಕು. ಉಮಾವತಿ ಎರಡೂ ಮೊಣಕಾಲು ಅಳೆದು ಚೆಂಡಿನ ಹಾಳೆಯಲ್ಲಿ ಬರೆದುಕೊಂಡಳು. ಬಲ ಹದಿನಾಲ್ಕು ಇಂಚು. ಎಡ ಹದಿನಾಲ್ಕೂ ಮುಕ್ಕಾಲು. ಬೆರಳಿಗೆ ಬಿಸಿ ತಾಗಿತು.

"ಇದು ಊದಿದೆಯಲ್ಲ."

"ಯಾರಿಗೂ ಹೇಳ್ಬೇಡಿ ಉಮಕ್ಕ. ಸೆಲೆಕ್ಟ್ ಆದ್ಮೇಲೆ ರೆಸ್ಟ್ ಮಾಡ್ತೇನೆ, ದೇವರಾಣೆ."

ಮರುದಿನ ಅವಳ ಅಮ್ಮ ವಿಮಲಾ ರವಿಕೆ ಒಯ್ಯಲು ಬಂದು ಹತ್ತು ನಿಮಿಷ ಸ್ಟೂಲಿನಲ್ಲಿ ಕೂತಿದ್ದರು. ಉಮಾವತಿ ಹುಕ್ಕಿನ ಮಾತಾಡಿದಳು, ತೋಳಿನ ಮಾತಾಡಿದಳು. ಕೈಯಲ್ಲಿದ್ದ ಮೊಣಕಾಲಿನ ಪಟ್ಟಿಯನ್ನು ಮೆಲ್ಲಗೆ ಬಟ್ಟೆಯ ರಾಶಿಯ ಅಡಿಗೆ ಸರಿಸಿದಳು.

ಭಾನುವಾರ ಠಾಣೆಯ ಅಂಗಳದಲ್ಲಿ ಪ್ರಣೀತಾ ಚೆಂಡಿಗೆ ಹಾರಿದಳು. ಇಳಿದವಳು ಏಳಲಿಲ್ಲ. ಎರಡು ಆಪರೇಶನ್ ಆಯಿತು. ಆಟ ಅಲ್ಲಿಗೆ ಮುಗಿಯಿತು.

ಐದು ವರ್ಷ ಅವಳು ಮೆಟ್ಟಿಲಿನ ಕಡೆ ತಿರುಗಿ ನೋಡಲಿಲ್ಲ. ೨೦೧೦ರಲ್ಲಿ ಬಂದಾಗ ಕುತ್ತಿಗೆಯಲ್ಲಿ ಸೀಟಿ ನೇತಾಡುತ್ತಿತ್ತು. ಕಲ್ಯಾಣದ ಒಂದು ಶಾಲೆಯಲ್ಲಿ ಹುಡುಗಿಯರ ಕೋಚ್ ಆಗಿದ್ದಳು. "ಹನ್ನೆರಡು ಚಡ್ಡಿ ಉಮಕ್ಕ. ಅವರವರ ಅಳತೆಗೇ ಹೊಲಿಯಿರಿ. ನನ್ನ ಮಕ್ಕಳು ಬಾಲ್ ಹಿಡೀಲಿ," ಅಂದಳು. ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

೨೦೧೩ರಲ್ಲಿ ಆ ತಂಡ ಮೊದಲ ಸಲ ಫೈನಲ್ ತಲುಪಿತು. ಪಂದ್ಯ ವಾಶಿಯಲ್ಲಿ. ಕಪ್ ಬರದಿದ್ದರೆ ತಂಡವನ್ನೇ ನಿಲ್ಲಿಸುತ್ತೇವೆ ಎಂದು ಶಾಲೆಯವರು ಹೇಳಿಯಾಗಿತ್ತು. ಪ್ರಣೀತಾಳ ನಂಬಿಕೆಯೆಲ್ಲ ಆಶ್ರಿತಾ ಎಂಬ ಹುಡುಗಿಯ ಮೇಲಿತ್ತು.

ಹಿಂದಿನ ಸಂಜೆ ಆ ಆಶ್ರಿತಾ ಅಂಗಡಿಗೆ ಬಂದಳು. ಕೈಯಲ್ಲಿ ಮೊಣಕಾಲಿನ ಪಟ್ಟಿ.

"ಆಜೀ, ಇದು ಟೈಟ್ ಮಾಡಿ ನಾ. ಮೇಲೆ ಚಡ್ಡಿ ಥೋಡಾ ಲಂಬಾ, ಉದ್ದ ಮಾಡಿ."

ಉಮಾವತಿ ಟೇಪು ಸುತ್ತಿದಳು. ಬಲ ಹದಿಮೂರೂವರೆ. ಎಡ ಹದಿನಾಲ್ಕೂ ಕಾಲು. ನಂಬದೆ ಇನ್ನೊಮ್ಮೆ ಸುತ್ತಿದಳು. ಅದೇ ಮುಕ್ಕಾಲು ಇಂಚು.

"ಟೀಚರಿಗೆ ಬೋಲ್ನಾ ಮತ್, ಹೇಳ್ಬೇಡಿ ಆಜೀ. ಪ್ಲೀಸ್."

"ಪಟ್ಟಿ ಇಲ್ಲೇ ಇರಲಿ, ಬೆಳಿಗ್ಗೆ ಬಾ," ಅಂದಳು ಉಮಾವತಿ. ಹುಡುಗಿ ಮೆಟ್ಟಿಲು ದಾಟುವವರೆಗೆ ಅವಳ ನಡಿಗೆಯನ್ನೇ ನೋಡುತ್ತ ಕೂತಳು. ಎಡಗಾಲು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ. ಹೇಳಿದರೆ ಕಪ್ ಹೋಗುತ್ತದೆ, ತಂಡ ಹೋಗುತ್ತದೆ, ಪ್ರಣೀತಾ ಕಟ್ಟಿಕೊಂಡ ಬದುಕು ಎರಡನೆಯ ಸಲ ಮುರಿಯುತ್ತದೆ. ಹೇಳದಿದ್ದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬಾಯಿಪಾಠವಿದ್ದ ಪ್ರಣೀತಾಳ ನಂಬರಿನ ಹತ್ತು ಅಂಕಿಗಳನ್ನು ಫೋನಿನಲ್ಲಿ ಒಂದೊಂದಾಗಿ ಒತ್ತಿದಳು.

"ಪ್ರಣೀತಾ, ಒಂದು ಅಳತೆ ಹೇಳ್ತೇನೆ, ಕೇಳು. ಆಶ್ರಿತಾಳದ್ದು. ಬಲ ಮೊಣಕಾಲು ಹದಿಮೂರೂವರೆ, ಎಡ ಹದಿನಾಲ್ಕೂ ಕಾಲು."

ಆ ಕಡೆ ರೈಲಿನ ಸದ್ದಿನ ನಡುವೆ ಪ್ರಣೀತಾ ಕೇಳಿದಳು:

"ಬಿಸಿ ಉಂಟಾ?"

"ಉಂಟು."

ಫೋನು ಕಟ್ಟಾಯಿತು.

ಮರುದಿನ ಆಶ್ರಿತಾ ಬೆಂಚಿನಲ್ಲೇ ಕೂತಳು. ಕೊನೆಯ ನಾಲ್ಕು ನಿಮಿಷ "ಟೀಚರ್, ಬಸ್ ಏಕ್ ಬಾರ್, ಒಂದೇ ಸಲ" ಎಂದು ಅತ್ತರೂ ಪ್ರಣೀತಾ ಅವಳನ್ನು ಅಂಗಳಕ್ಕೆ ಇಳಿಸಲಿಲ್ಲ. ಮೂರು ಪಾಯಿಂಟಿನಿಂದ ಸೋತರು. ಶಾಲೆಯವರು ಮಾತಿನಂತೆ ತಂಡ ನಿಲ್ಲಿಸಿದರು.

ಹದಿನೈದು ದಿನ ಕಳೆದು ಪ್ರಣೀತಾ ಬಂದಳು. ಟಿಟ್ವಾಳಾಕ್ಕೆ ಮನೆ ಬದಲಿಸುತ್ತಿದ್ದಳು. ಅಲ್ಲಿನ ಬಯಲಿನಲ್ಲಿ ಬರುವ ಮಕ್ಕಳಿಗೆ ಆಟ ಕಲಿಸುವ ಯೋಚನೆ. ಆಶ್ರಿತಾಳ ಮೊಣಕಾಲಿನ ಲಿಗಮೆಂಟ್ ನಾರು ಅರ್ಧ ಹರಿದಿದೆ, ಆಪರೇಶನ್ ಬೇಡ, ಮೂರು ತಿಂಗಳಲ್ಲಿ ಓಡುತ್ತಾಳೆ ಎಂದು ಡಾಕ್ಟರು ಹೇಳಿದ್ದನ್ನು ತಿಳಿಸಿದಳು. ಆಮೇಲೆ ಶೆಲ್ಫಿನಿಂದ ಹಳೆಯ ಅಳತೆ ಪುಸ್ತಕ ತಾನೇ ಎಳೆದು, ಚೆಂಡಿನ ಚಿತ್ರವಿದ್ದ ಹಾಳೆ ತೆರೆದು, ಕೊನೆಯ ಸಾಲಿನ ಎರಡು ಅಂಕಿಗಳ ಮೇಲೆ ಬೆರಳಿಟ್ಟಳು. ಅವಳು ಆ ಅಂಗಡಿಗೆ ಬಂದದ್ದು ಅದೇ ಕೊನೆ. ಕೇಳಿದ್ದೂ ಇದೊಂದೇ ಮಾತು.

"ಉಮಕ್ಕ, ಅಮ್ಮ ಅವತ್ತು ಈ ಸ್ಟೂಲಿನಲ್ಲೇ ಕೂತಿದ್ರಂತೆ. ಆಗ ಇದನ್ನು ಯಾಕೆ ಓದಿ ಹೇಳ್ಲಿಲ್ಲ?"