ಬಲ್ಬಕ್ಕನ ತಮ್ಮನ ವ್ಯಾನು

ಗ್ಯಾರೇಜಿನವರೆಲ್ಲ ಅವಳನ್ನು ಬಲ್ಬಕ್ಕ ಎಂದೇ ಕರೆಯುತ್ತಿದ್ದರು. ಎರಡು ವೈರು ಸಿಕ್ಕಿಸಿದ ಪುಟ್ಟ ಬಲ್ಬೊಂದು ಸದಾ ಅವಳ ಜೇಬಿನಲ್ಲಿರುತ್ತಿತ್ತು. ಗಾಡಿಗಳ ಕರೆಂಟಿನ ಕೆಲಸವೆಲ್ಲ ಅವಳದೇ. ಮೊದಲು ಎಲ್ಲ ಬಿಚ್ಚಿಹಾಕಿ ಆಮೇಲೆ ತಲೆ ಕೆರೆದುಕೊಳ್ಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅಂಥವರಲ್ಲಿ ಮೊದಲಿಗ ಅವಳ ಸ್ವಂತ ತಮ್ಮ.

ತಮ್ಮನಿಗೆ ಹೆಣ್ಣು ಮಗು ಹುಟ್ಟಿತ್ತು. ಮರುದಿನ ಬೆಳಿಗ್ಗೆ ತಾಯಿ ಮಗುವನ್ನು ಆಸ್ಪತ್ರೆಯಿಂದ ಕರೆತರಬೇಕು. ಹೊರಗೆ ಹಲ್ಲು ಕಟಕಟಿಸುವ ಚಳಿ. ಅವನ ಹಳೇ ವ್ಯಾನಿನ ಹೀಟರು ಮಾತ್ರ ಗಾಳಿ ಬೀಸಲೊಲ್ಲದು. ಮುರಿದ ಆಟಿಕೆಯಿಂದ ಹಿಡಿದು ಮದುವೆಯ ಮಾತುಕತೆಯವರೆಗೆ ಅವನದೆಲ್ಲವನ್ನೂ ನೆಟ್ಟಗೆ ಮಾಡಿದವಳು ಅಕ್ಕನೇ. ಇದೊಂದನ್ನಾದರೂ, ಮಗಳಿಗಾಗಿ, ತಾನೇ ಮಾಡಬೇಕೆಂದು ಅವನಿಗೆ ಆಸೆ. ಫ್ಯೂಸು ಬದಲಿಸಿದ, ಸ್ವಿಚ್ಚು ಬದಲಿಸಿದ, ಕೊನೆಗೆ ಹೀಟರಿನ ಗಾಳಿ ಬೀಸುವ ಮೋಟಾರನ್ನೂ ಕಿತ್ತು ಕೈಯಲ್ಲಿ ಹಿಡಿದು, ಪೆಚ್ಚುಮೋರೆ ಹಾಕಿಕೊಂಡು ಗ್ಯಾರೇಜಿಗೆ ಬಂದ.

"ಅಕ್ಕಾ, ಮೋಟ್ರು ಸತ್ತೋಗಿದೆ ಕಣೇ. ಹೊಸದು ಎಲ್ಲೂ ಸಿಗ್ತಿಲ್ಲ."

"ನಾಡಿ ಹಿಡಿದು ನೋಡಿದ್ರಾ ಡಾಕ್ಟ್ರೇ?"

ಅವಳು ಮೋಟಾರನ್ನು ನೇರ ಬ್ಯಾಟರಿಗೆ ಮುಟ್ಟಿಸಿದಳು. ಸತ್ತದ್ದು ಗರ್ರನೆ ತಿರುಗಿತು. ತಮ್ಮ ಬಾಯಿ ಬಿಟ್ಟುಕೊಂಡು ನಿಂತ. ಅವಳು ವ್ಯಾನಿನೊಳಗೆ ತೂರಿ, ಹೀಟರಿನ ಸ್ವಿಚ್ಚು ಒತ್ತಿ, ಮೋಟಾರಿಗೆ ಕರೆಂಟು ತರುವ ವೈರಿಗೆ ಬಲ್ಬಿನ ಒಂದು ತುದಿ ಸಿಕ್ಕಿಸಿ, ಇನ್ನೊಂದನ್ನು ಬಾಗಿಲ ಕೀಲಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿದಳು. ಬಲ್ಬು ಹೊತ್ತಿತು. ಅದೇ ತುದಿಯನ್ನು ಕರೆಂಟು ವಾಪಸ್ ಹೋಗುವ ಅರ್ಥ್ ವೈರಿಗೆ ಹಿಡಿದಳು. ಹೊತ್ತಲಿಲ್ಲ.

"ಕರೆಂಟು ಬರೋಕೆ ದಾರಿ ಇದೆ, ವಾಪಸ್ ಹೋಗೋಕೆ ಇಲ್ಲ ಕಣೋ" ಎನ್ನುತ್ತ ಆ ವೈರಿನ ಬೆನ್ನು ಹತ್ತಿದಳು. ಕಾಲಿಡುವ ಜಾಗದ ಮೂಲೆಯಲ್ಲಿ ಬೋಲ್ಟೊಂದು ಅದನ್ನು ತಗಡಿಗೆ ಬಿಗಿದಿತ್ತು. ಬೋಲ್ಟು, ತಗಡು ಎರಡೂ ಹೊಳೆಹೊಳೆಯುವ ಆಕಾಶನೀಲಿ.

"ಇದಕ್ಯಾಕೋ ಬಣ್ಣ?"

"ಪಾಪು ಬರ್ತಾಳಲ್ಲ ಅಂತ... ತುಕ್ಕು ಹಿಡಿದಿತ್ತು. ಬೋಲ್ಟ್ ಬಿಚ್ಚಿ, ತೂತನ್ನೂ ಬಿಡದೆ ಎರಡೆರಡು ಸಲ ಬಳಿದೆ."

ಬಲ್ಬಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಮ್ಮನ ಮುಖ ಸಣ್ಣಗಾದದ್ದು ಕಂಡು ನಗು ನಿಂತಿತು. ಗಾಡಿ ಕೆಡಿಸಿದ್ದು ಅವನ ಸಂಭ್ರಮವೇ ಎಂದು ತಿಳಿದು ಅವಳಿಗೆ ಮುದ್ದು ಉಕ್ಕಿತು. ಸ್ಪ್ಯಾನರಿನತ್ತ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು, ಒಂದು ತುಂಡು ಉಪ್ಪುಕಾಗದವನ್ನು ಅವನಿಗೆ ಕೊಟ್ಟಳು.

"ಬಣ್ಣ ದಾಟಿ ಕರೆಂಟು ಹೋಗಲ್ಲ ಕಣೋ, ಕೆರಿ. ಬರಿ ತಗಡು ಕಾಣ್ಬೇಕು. ನಾನು ಮುಟ್ಟಲ್ಲ."

ಸ್ಟೂಲಿನ ಮೇಲೆ ಕೈ ಕಟ್ಟಿ ಕೂರುವುದು ಅವಳಿಗೆ ಆ ದಿನದ ಎಲ್ಲ ಕೆಲಸಕ್ಕಿಂತ ಕಷ್ಟವಾಯಿತು. ಅವನು ಕೆರೆದ, ಬಿಗಿದ, ಮೋಟಾರು ಕೂರಿಸಿದ, ವ್ಯಾನು ಚಾಲೂ ಮಾಡಿ ಸ್ವಿಚ್ಚು ಒತ್ತಿದ. ಹಳೇ ಧೂಳೆಲ್ಲ ಭರ್ರನೆ ಅವನ ಮುಖಕ್ಕೇ ಬಡಿಯಿತು. ಸೀನುತ್ತಲೇ ಕುಣಿದುಬಿಟ್ಟ.

ಬೆಳಿಗ್ಗೆ ತಮ್ಮನ ಹೆಂಡತಿ ಮಗುವನ್ನೆತ್ತಿಕೊಂಡು ಬೆಚ್ಚನೆಯ ವ್ಯಾನು ಹತ್ತಿದವಳೇ ಹಿಂದಿನ ಸೀಟಿನಲ್ಲಿದ್ದ ಬಲ್ಬಕ್ಕನತ್ತ ತಿರುಗಿ, "ಅತ್ತಿಗೆ, ಹೀಟ್ರು ನೀವೇ ಸರಿ ಮಾಡಿದ್ರಲ್ವಾ?" ಎಂದಳು.

"ನಾನಲ್ಲಮ್ಮ. ಪಾಪು ಅಪ್ಪ ಮಾಡಿದ್ದು."

ತಮ್ಮನ ಕಿವಿ ಕೆಂಪಾಯಿತು. ಅಕ್ಕ ಅವನನ್ನು ಅಪ್ಪ ಎಂದದ್ದು ಅದೇ ಮೊದಲು. ಹೊಸ ಅಪ್ಪ ಗೇರು ಹಾಕಿ ಮೆಲ್ಲಗೆ, ಬಹಳ ಮೆಲ್ಲಗೆ ವ್ಯಾನು ಬಿಟ್ಟ.