ಲ್ಯಾಟಿನ್ನಿಗೆ ಹಾಕಿದ ರುಜು

ಅಮೆರಿಕದಲ್ಲಿ ನೆಲಸಿದ ಕನ್ನಡಿಗ ಅನ್ನದ ಕುಕ್ಕರ್ ಕೊಳ್ಳುವ ಮುನ್ನ ಕನಿಷ್ಠ ಮೂರು ಊರಿಗೆ ಫೋನ್ ಮಾಡುತ್ತಾನೆ ಎಂಬುದು ನನ್ನ ಬಹುಕಾಲದ ಅವಲೋಕನ. ಅಂಗಡಿಯವನ ಮಾತಿನಲ್ಲಿ ಅವನಿಗೆ ವಿಶ್ವಾಸವಿಲ್ಲ, ಡಬ್ಬಿಯ ಮೇಲೆ ಅಚ್ಚಾಗಿರುವುದರಲ್ಲಿ ಮೊದಲೇ ಇಲ್ಲ. ಆದರೆ ಇನ್ನೂರೆಂಬತ್ತು ಮೈಲಿ ದೂರದ ಷಿಕಾಗೋ ಸೀಮೆಯಿಂದ ಯಾರೋ ಒಬ್ಬರು "ನಮ್ಮನೇಲೂ ಅದೇ ಇರೋದು, ತಗೊಳ್ಳಿ" ಅಂದುಬಿಟ್ಟರೆ ಅದು ವೇದವಾಕ್ಯ. ನಾನೂ ಈ ಸಂಪ್ರದಾಯದ ನಿಷ್ಠಾವಂತ ಅನುಯಾಯಿಯೇ. ನೋವೈಯಲ್ಲಿನ ನಮ್ಮ ಮನೆ, ಅದರ ಮುಂದಿನ ಕಾರು, ಹಿಮ ತಳ್ಳುವ ಯಂತ್ರ, ಹಲ್ಲಿನ ಡಾಕ್ಟರು, ಎಲ್ಲವೂ ಬಹುಜನರ ಸಮ್ಮತಿ ಪಡೆದೇ ನಮ್ಮ ಬಾಳನ್ನು ಪ್ರವೇಶಿಸಿದವು. ಇವುಗಳಲ್ಲಿ ಯಾವೊಂದೂ ಕೈಕೊಡಲಿಲ್ಲ ಎಂಬುದೇ ನನ್ನ ದುರದೃಷ್ಟ. ಒಂದಾದರೂ ಕೊಟ್ಟಿದ್ದರೆ ನನಗೆ ಸ್ವಲ್ಪ ಮುಂಚಿತವಾಗಿ ಬುದ್ಧಿ ಬರುತ್ತಿತ್ತು.

ಹೊಸ ಶತಮಾನ ಇನ್ನೂ ಹೊಸದಾಗಿದ್ದ ಒಂದು ವಸಂತದಲ್ಲಿ ಮಗಳು ಸಿಂಚನಾ ಶಾಲೆಯಿಂದ ಒಂದು ಫಾರಂ ತಂದಳು. ಮುಂದಿನ ವರ್ಷ ಏಳನೇ ತರಗತಿ; ಮೊದಲ ವಿದೇಶೀ ಭಾಷೆಯನ್ನು ಆರಿಸಿಕೊಳ್ಳಬೇಕು. ಲ್ಯಾಟಿನ್ನಿಗೆ ಒಂದು ಚೌಕ, ಫ್ರೆಂಚಿಗೆ ಒಂದು ಚೌಕ, ಕೆಳಗೆ ಪೋಷಕರ ರುಜುವಿಗೆ ಒಂದು ಗೆರೆ. ಫ್ರೆಂಚಿನ ಚೌಕದಲ್ಲಿ ಅವಳಾಗಲೇ ಪೆನ್ಸಿಲಿನಿಂದ, ಬೇಕಾದರೆ ಅಳಿಸಬಹುದು ಎನ್ನುವಷ್ಟು ತೆಳುವಾಗಿ, ಒಂದು ಗುರುತು ಹಾಕಿದ್ದಳು. ಹನ್ನೆರಡು ವರ್ಷದ ಹುಡುಗಿಗೆ ಫ್ರೆಂಚ್ ಏಕೆ ಬೇಕು? ಗೆಳತಿಯರು ತೆಗೆದುಕೊಂಡಿರಬೇಕು, ಇಲ್ಲವೇ ಕೇಳುವುದಕ್ಕೆ ನಾಜೂಕಾಗಿರಬೇಕು ಎಂದು ನಾನೇ ಪ್ರಶ್ನೆ ಹಾಕಿಕೊಂಡು, ನಾನೇ ಉತ್ತರ ಕೊಟ್ಟುಕೊಂಡು, ಅವಳಿಗೆ "ನೋಡೋಣ" ಅಂದೆ. ಅಪ್ಪಂದಿರ ನಿಘಂಟಿನಲ್ಲಿ ಈ ಪದಕ್ಕಿರುವ ಅರ್ಥ ಮಕ್ಕಳಿಗೆಲ್ಲ ಗೊತ್ತು.

ನಿಜವಾದ ಕಾರಣ ನನಗೆ ತಿಳಿದದ್ದು ನಾಲ್ಕು ವರ್ಷಗಳ ಅನಂತರ. ಆದರೂ ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಾನು ಅಜ್ಞಾನದಲ್ಲಿ ಅನುಭವಿಸಿದ ನೆಮ್ಮದಿಯನ್ನು ನೀವೂ ಅನುಭವಿಸುವುದು ನನಗೆ ಇಷ್ಟವಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಲೆಬನಾನಿನ ಒಂದು ಕುಟುಂಬವಿತ್ತು. ಮನೆಯ ಯಜಮಾನ ಜಾರ್ಜ್, ನೆಲಕ್ಕೆ ಹಾಸುವ ಟೈಲ್ಸಿನ ಅಂಗಡಿ ಇಟ್ಟಿದ್ದವನು. ಅವನ ಜೊತೆ ಅವನ ವೃದ್ಧ ತಾಯಿ. ಅವರಲ್ಲಿ ಅಜ್ಜಿಗೆ 'ತೇತ' ಎನ್ನುತ್ತಾರಂತೆ, ನಾವೂ ಹಾಗೆಯೇ ಕರೆಯುತ್ತಿದ್ದೆವು. ನನ್ನ ಕೆಲಸ ಸ್ಟರ್ಲಿಂಗ್ ಹೈಟ್ಸ್‌ನ ಕಾರು ಕಾರ್ಖಾನೆಯಲ್ಲಿ, ಫ್ರೀವೇ ಕೃಪೆ ತೋರಿದರೆ ಮುಕ್ಕಾಲು ಗಂಟೆಯ ದಾರಿ. ಹೆಂಡತಿ ವಸುಧಾಳ ಆಫೀಸು ಬಿಡುವುದು ಐದೂವರೆಗೆ. ಹೀಗಾಗಿ ಒಂದನೇ ತರಗತಿಯಿಂದಲೂ ಸಿಂಚನಾ ಶಾಲೆಯ ಬಸ್ಸಿಳಿದು ತೇತಳ ಅಡುಗೆಮನೆಗೆ ಹೋಗುತ್ತಿದ್ದಳು. ತೇತಳ ಇಂಗ್ಲಿಷು 'ಈಟ್', 'ಗುಡ್ ಗರ್ಲ್' ಎಂಬೆರಡರಲ್ಲಿ ಮುಗಿಯುತ್ತಿತ್ತು. ಮನೆಯವರ ಜೊತೆ ಅರಬ್ಬಿಯಲ್ಲಿ ಮಾತನಾಡುತ್ತಿದ್ದ ಆಕೆ ಚಿಕ್ಕಂದಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಕಲಿತವಳಾದ್ದರಿಂದ ಫ್ರೆಂಚನ್ನೂ ಬಲ್ಲವಳಾಗಿದ್ದಳು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತುತ್ತ, ಎದುರಿಗೆ ಕುಳಿತ ನನ್ನ ಮಗಳಿಗೆ ಆ ಫ್ರೆಂಚಿನಲ್ಲಿ ಏನನ್ನೋ ಹೇಳುತ್ತಿದ್ದಳು. ಒಂದು ದಿನವಲ್ಲ, ವರ್ಷಗಟ್ಟಲೆ. ಅದು ಒಂದೇ ಕಥೆ ಎಂಬುದು ಮಗಳಿಗೆ ದನಿಯ ಏರಿಳಿತದಿಂದಲೇ ಗೊತ್ತಾಗಿತ್ತು. ಅದರ ಅರ್ಥ ತಿಳಿಯಬೇಕು ಎಂಬುದಷ್ಟೇ ಅವಳ ಆಸೆ. ಆ ಪೆನ್ಸಿಲ್ ಗುರುತು ಹಾಕಿದ್ದು ಅದಕ್ಕೆ.

ನಾನು ಮಾತ್ರ ಸಂಪ್ರದಾಯದಂತೆ ಫೋನ್ ಎತ್ತಿಕೊಂಡೆ. ಷಿಕಾಗೋ ಸೀಮೆಯ ವೆಸ್ಟ್‌ಮಂಟ್‌ನಲ್ಲಿರುವ ಶ್ರೀಕಂಠ ನನ್ನ ಇಂಜಿನಿಯರಿಂಗ್ ಸಹಪಾಠಿ. ಅವನ ಮಗ ನನ್ನ ಮಗಳಿಗಿಂತ ಐದು ವರ್ಷ ದೊಡ್ಡವನಾದ್ದರಿಂದ ಪುತ್ರಿಯ ವಿದ್ಯಾಭ್ಯಾಸದ ವಿಷಯದಲ್ಲಿ ಅವನೇ ನನ್ನ ಪಂಚಾಂಗ.

"ಲ್ಯಾಟಿನ್ ಹಾಕ್ಸು, ಎರಡನೇ ಮಾತೇ ಇಲ್ಲ," ಅಂದ. "ಕಾಲೇಜು ಎಂಟ್ರೆನ್ಸಿನ ಎಸ್‌ಎಟಿ ವೊಕ್ಯಾಬ್ಯುಲರಿಗೆ ಅದರಷ್ಟು ಹೆಲ್ಪ್ ಯಾವುದೂ ಆಗಲ್ಲ. ನಾಳೆ ಮೆಡಿಕಲ್‌ಗೆ ಅಪ್ಲೈ ಮಾಡಿದ್ರೂ ಯೂಸ್ ಆಗುತ್ತೆ. ಫ್ರೆಂಚ್ ಕಲ್ತು ಏನು ಮಾಡ್ತಾಳೋ? ಯಾರ ಹತ್ರ ಮಾತಾಡ್ತಾಳೆ?"

ಬಾಲಾಜಿ ದೇವಸ್ಥಾನದಲ್ಲಿ ಪುಳಿಯೋಗರೆಯ ಸಾಲಿನಲ್ಲಿ ನಿಂತು ವಿಚಾರಿಸಿದಾಗಲೂ ಇದೇ ತೀರ್ಪು ಬಂತು. ಬೇರೆ ಮಾತು ಹೇಳಿದವರು ಒಬ್ಬರೇ, ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಇಮಾಮ್ ಸಾಹೇಬರು, ಹುಬ್ಬಳ್ಳಿಯವರು. ನನ್ನ ಜಿಜ್ಞಾಸೆಯನ್ನೆಲ್ಲ ಊಟದ ಡಬ್ಬಿ ಮುಗಿಯುವವರೆಗೂ ಕೇಳಿಸಿಕೊಂಡು, "ಊರ ಮಂದೀನೆಲ್ಲ ಕೇಳಾಕತ್ತೀರಿ. ಮೊದ್ಲ ಆ ಹುಡುಗೀನ ಕೇಳ್ರೀ ಸರ, ಕಲಿಯಾಕಿ ಆಕಿ ಅಲ್ಲೇನು?" ಅಂದರು. ಎಷ್ಟು ಮುಗ್ಧರಪ್ಪಾ ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ನನ್ನ ಈ ಲೆಕ್ಕಾಚಾರಕ್ಕೆ ಒಂದು ಪೂರ್ವಾಶ್ರಮವಿದೆ. ಮೈಸೂರಿನ ಹೈಸ್ಕೂಲಿನಲ್ಲಿ ನನ್ನ ಪ್ರಥಮ ಭಾಷೆ ಸಂಸ್ಕೃತ. ಗೀರ್ವಾಣವಾಣಿಯ ಮೇಲಿನ ಭಕ್ತಿಯಿಂದಲ್ಲ. ಅದು ಅಂಕ ಸುರಿಯುವ ಕಾಮಧೇನು ಎಂದು ಇಡೀ ಬೀದಿಗೇ ಗೊತ್ತಿತ್ತು. ಪ್ರಶ್ನೆ ಸಂಸ್ಕೃತದ್ದು, ಉತ್ತರವನ್ನು ಕನ್ನಡದಲ್ಲಿಯೇ ಬರೆಯಬಹುದು. ನಾಲ್ಕು ಶ್ಲೋಕ, ಎರಡು ವಿಭಕ್ತಿ ಉರು ಹೊಡೆದರೆ ತೊಂಬತ್ತಕ್ಕೆ ಮೋಸವಿಲ್ಲ. ಕನ್ನಡದ ಮೇಷ್ಟ್ರು ಒಮ್ಮೆ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ನಿನಗೆ ಬರೆಯೋ ಕೈ ಇದೆ ಕಣಯ್ಯ, ನನ್ನ ಕ್ಲಾಸಿಗೆ ಬಾ" ಎಂದಿದ್ದರು. ಆ ಮಾತಿಗೆ ಎದೆಯುಬ್ಬಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಹೋಗಿ ಸಂಸ್ಕೃತದ ಕೊಠಡಿಯಲ್ಲಿ ಕುಳಿತೆ. ತೊಂಬತ್ತಾರು ಬಂತು. ಅದರ ಪಾಂಡಿತ್ಯ ಎಷ್ಟೆಂದರೆ, ನೋವೈಯ ಅರ್ಚಕರು ನಾನು ಸಂಸ್ಕೃತ ಓದಿದವನೆಂದು ತಿಳಿದು ಸಂಭ್ರಮದಿಂದ ಆ ಭಾಷೆಯಲ್ಲಿ ಏನನ್ನೋ ಕೇಳಿದಾಗ ನಾನು ಕೈಮುಗಿದು ಪ್ರಸಾದ ತೆಗೆದುಕೊಂಡು ಪಾರ್ಕಿಂಗ್ ಲಾಟಿನ ಕಡೆಗೆ ನಡೆದುಬಿಟ್ಟೆ. ಇತ್ತ ಕನ್ನಡವನ್ನು ಮೂವತ್ತು ದಾಟಿದ ಮೇಲೆ, ಮನೆಪಾಠವೂ ಇಲ್ಲದೆ, ತಡವಾಗಿ ಓದಿ ಬರೆದು ರೂಢಿಸಿಕೊಂಡೆ. ಇಷ್ಟೆಲ್ಲ ಅನುಭವಿಸಿದವನು ಮಗಳ ವಿಷಯದಲ್ಲಿ ಎಚ್ಚರವಾಗಿರಬೇಕಿತ್ತು ಎಂದು ನೀವು ಹೇಳಬಹುದು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ನನ್ನ ಕಥೆಯೂ ಅಷ್ಟೇ.

ಭಾನುವಾರ ಸಂಜೆ ರಬ್ಬರಿನಿಂದ ಪೆನ್ಸಿಲ್ ಗುರುತನ್ನು ಅಳಿಸಿ, ಲ್ಯಾಟಿನ್ನಿನ ಚೌಕದಲ್ಲಿ ಮಸಿಯ ಗುರುತು ಹಾಕಿ ರುಜು ಮಾಡಿದೆ. ಸಿಂಚನಾ ಪಕ್ಕದಲ್ಲೇ ನಿಂತಿದ್ದಳು. "ಓಕೆ" ಅಂದಳು. ಜಗಳವಾಡಲಿಲ್ಲ. ಜಗಳವಾಡುವ ಮಕ್ಕಳ ತಂದೆಯರು ಎಷ್ಟು ಪುಣ್ಯವಂತರೆಂಬುದು ನನಗೆ ಆಗ ಗೊತ್ತಿರಲಿಲ್ಲ.

ಲ್ಯಾಟಿನ್ನಿನಲ್ಲಿ ಅವಳು ಚೆನ್ನಾಗಿಯೇ ಮಾಡಿದಳು. ಒಂದು ಪದಕವೂ ಬಂತು, ಅದನ್ನು ನಾನು ಬಂದವರಿಗೆಲ್ಲ ಕಾಣುವ ಹಾಗೆ ತೂಗುಹಾಕಿದೆ. ರೋಮನ್ನರ ಸೇತುವೆ, ಸೈನ್ಯ, ಸ್ನಾನಗೃಹಗಳ ಬಗ್ಗೆ ಅವಳು ಊಟದ ಹೊತ್ತಿಗೆ ಹೇಳುತ್ತಿದ್ದುದನ್ನು ನಾನು ತಲೆದೂಗಿ ಕೇಳುತ್ತಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಮನೆಯ ಬೀಗದ ಕೈ ಅವಳ ಬಳಿಯೇ ಇತ್ತು. ಆದರೂ ಬಸ್ಸಿಳಿದರೆ ನೆಟ್ಟಗೆ ತೇತಳ ಮನೆಗೇ ಹೋಗುತ್ತಿದ್ದಳು. ಅಭ್ಯಾಸ ಎಂದುಕೊಂಡೆವು.

ಅವಳು ಹತ್ತನೇ ತರಗತಿಯಲ್ಲಿದ್ದಾಗ ತೇತ ಹಾಸಿಗೆ ಹಿಡಿದಳು. ಇನ್ನು ಆಸ್ಪತ್ರೆ ಬೇಡವೆಂದು ಮನೆಗೇ ಕರೆತಂದಿದ್ದರು. ಒಂದು ಸಂಜೆ ನಾನು ಮನೆಗೆ ಬಂದಾಗ ಸಿಂಚನಾ ಗರಾಜಿನ ಮೆಟ್ಟಿಲ ಮೇಲೆ ಕೋಟನ್ನೂ ಬಿಚ್ಚದೆ ಕುಳಿತಿದ್ದಳು. ಆಗ ಹೇಳಿದಳು, ಕಥೆಯ ವಿಷಯ, ಪೆನ್ಸಿಲ್ ಗುರುತಿನ ವಿಷಯ. ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡಕ್ಕೆ ತಂದವನು ನಾನು. ಇವತ್ತು ತೇತ ಇಡೀ ಕಥೆಯನ್ನು ಮತ್ತೆ ಹೇಳಿದಳಂತೆ, ಮೊದಲಿನಿಂದ ಕೊನೆಯವರೆಗೆ, ನಿಲ್ಲಿಸಿ ನಿಲ್ಲಿಸಿ.

"ಅಲ್ಲಮ್ಮಾ, ಆಗಲೇ ನನಗೆ ಹೇಳಬಾರದಿತ್ತಾ?" ಅಂದೆ.

"ಹೇಳಿದ್ರೆ ನೀವು ಯಾರನ್ನಾದ್ರೂ ಹಿಡಿದು ಟ್ರಾನ್ಸ್‌ಲೇಟ್ ಮಾಡಿಸಿ, ಒಂದು ಪೇಜ್ ಪ್ರಿಂಟ್ ಕೊಡ್ತಿದ್ರಿ, ಅಪ್ಪಾ. ನನಗೆ ಅವಳ ಬಾಯಲ್ಲೇ ಕೇಳಿ ಅರ್ಥ ಮಾಡ್ಕೋಬೇಕಿತ್ತು."

ಮಗಳು ನನ್ನನ್ನು ಎಷ್ಟು ಚೆನ್ನಾಗಿ ಓದಿಕೊಂಡಿದ್ದಾಳೆ ಎಂದು ನನಗೆ ಅಳು ಬಂತು. ಮರುದಿನವೇ ಗ್ರಂಥಾಲಯದಿಂದ ಫ್ರೆಂಚ್ ಕಲಿಸುವ ಸಿ.ಡಿ.ಗಳ ಒಂದು ಪೆಟ್ಟಿಗೆ ತಂದುಕೊಟ್ಟೆ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬ ಗಾದೆ ಗೊತ್ತಿದ್ದೂ ತಂದೆ. ಅವಳು ಮೂರನೇ ಪಾಠದಲ್ಲಿದ್ದಳು, ರೈಲು ನಿಲ್ದಾಣಕ್ಕೆ ದಾರಿ ಕೇಳುವುದು ಹೇಗೆಂಬ ಪಾಠ. ಅಷ್ಟರಲ್ಲಿ ತೇತ ತೀರಿಕೊಂಡಳು.

ಮಣ್ಣಾದ ಮರುದಿನ ನಾವು ಮೂವರೂ ಮಾತನಾಡಿಸಿಕೊಂಡು ಬರಲು ಹೋದೆವು. ಅವರ ಪದ್ಧತಿಯಂತೆ ಸಕ್ಕರೆಯಿಲ್ಲದ ಕಾಫಿಯನ್ನು ಪುಟ್ಟ ಬಟ್ಟಲುಗಳಲ್ಲಿ ಕೊಟ್ಟರು. ನೆಂಟರು ತುಂಬಿದ್ದ ಆ ಕೋಣೆಯಲ್ಲಿ ಜಾರ್ಜ್ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಸಿಂಚನಾಳ ಎದುರಿಗೆ ಕುಳಿತ. ಕೊನೆಯ ವಾರ ಅಮ್ಮ ಮಕ್ಕಳ ಜೊತೆ ಒಂದು ಮಾತೂ ಆಡಲಿಲ್ಲ ಎಂದ. ಆದರೆ ಆ ದಿನ ಬಾಗಿಲ ಹೊರಗಿನಿಂದ ನಾನು ಕೇಳಿಸಿಕೊಂಡಿದ್ದೇನೆ, ನಿನ್ನ ಜೊತೆ ಒಂದು ಗಂಟೆ ಮಾತನಾಡಿದಳು, ಫ್ರೆಂಚಿನಲ್ಲಿ. ನಮಗೆ ಯಾರಿಗೂ ಫ್ರೆಂಚ್ ಬರುವುದಿಲ್ಲ. ತನ್ನ ಬಾಲ್ಯದ ಬಗ್ಗೆ ನಮಗೆ ಅವಳು ಏನನ್ನೂ ಹೇಳಿದವಳೇ ಅಲ್ಲ. ನಿನಗೆ ಹೇಳಿದಳಲ್ಲ, ಏನು ಹೇಳಿದಳಮ್ಮಾ? ಐವತ್ತು ದಾಟಿದ ಆ ಮನುಷ್ಯ ಹದಿನಾರರ ನನ್ನ ಮಗಳ ಮುಖವನ್ನು ಮಗುವಿನಂತೆ ನೋಡುತ್ತಿದ್ದ. ಕೋಣೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು.

ಸಿಂಚನಾ ತನಗೆ ಗೊತ್ತಿದ್ದಷ್ಟನ್ನು ಹೇಳಿದಳು. ಶುರುವಿನಲ್ಲಿ ಮೆಲ್ಲಗೆ ಹೇಳುತ್ತಾಳೆ, ನಡುವೆ ಒಂದು ಕಡೆ ತುಂಬ ನಗುತ್ತಾಳೆ, ಅದಾದ ಮೇಲೆ ಸುಮ್ಮನಾಗಿ ನನ್ನ ಕೈ ಹಿಡಿದುಕೊಳ್ಳುತ್ತಾಳೆ, ಆಮೇಲೆ ಬೇಗ ಬೇಗ ಹೇಳಿ ಮುಗಿಸಿಬಿಡುತ್ತಾಳೆ. ಯಾವಾಗಲೂ ಹಾಗೆಯೇ.

"ಆದರೆ ಏನು ಅಂತ?" ಜಾರ್ಜ್ ಕೇಳಿದ.

"ಸಾರಿ ಅಂಕಲ್," ಅಂದಳು. "ಸ್ಕೂಲಲ್ಲಿ ಫ್ರೆಂಚ್ ಇತ್ತು. ನಾನು ಲ್ಯಾಟಿನ್ ತಗೊಂಡೆ."

ತಾನೇ ಬಯಸಿ ಆರಿಸಿಕೊಂಡವಳ ಹಾಗೆ ಹೇಳಿದಳು. ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಅವಳ ಪಕ್ಕದಲ್ಲೇ ಕುಳಿತಿದ್ದ ನನಗೆ, ಅಲ್ಲ ಜಾರ್ಜ್, ಆರಿಸಿದವನು ನಾನು ಎನ್ನಲು ಬಾಯಿ ಬರಲಿಲ್ಲ.