ಧಣಿಯ ಮಗನ ಕಾರಿನಲ್ಲಿ

ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿದ್ದೆ. ಗಂಡನ ಕೆಲಸ ಅಬುಧಾಬಿಯಲ್ಲಿ, ಹಾಗಾಗಿ ಮನೆ ಹಮ್ದಾನ್ ಸ್ಟ್ರೀಟಿನಲ್ಲಿ. ನನಗೆ ಸಿಕ್ಕ ಕೆಲಸ ಮಾತ್ರ ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ. ಬಸ್ಸು ಬದಲಿಸಿ ಬದಲಿಸಿ ಸೋತಿದ್ದ ನನ್ನನ್ನು ಆಫೀಸಿನ ಹಿರಿಯರೊಬ್ಬರು ತಮ್ಮ ಕಾರಿನಲ್ಲಿ ಕರೆದೊಯ್ಯಲು ಒಪ್ಪಿದರು. ನಮ್ಮ ಹಿಂದಿನ ಬೀದಿಯಲ್ಲೇ ಹೆಂಡತಿಯೊಂದಿಗೆ ಇದ್ದರು. ಉಡುಪಿ ಕಡೆಯವರು, ನಿವೃತ್ತಿಗೆ ಎರಡು ಮೂರು ವರ್ಷ ಉಳಿದವರು. ಆಫೀಸಿನಲ್ಲಿ ಅವರು ನನಗೆ ಸರ್, ಕಾರಿನೊಳಗೆ ಅಣ್ಣ.

ಚಳಿಗಾಲದ ಬೆಳಗಿನಲ್ಲಿ ಆ ಹೆದ್ದಾರಿಯ ಮೇಲೆ ಮಂಜು ಇಳಿಯುತ್ತದೆ. ನಗರ ದಾಟಿದ ಕೂಡಲೇ ಮುಂದಿನ ಕಾರು ಎರಡು ಕೆಂಪು ಚುಕ್ಕೆಗಳಾಗುತ್ತದೆ, ಆಮೇಲೆ ಅದೂ ಇಲ್ಲ. ಮರಳು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಕಾರು ಓಡುತ್ತಿದೆಯೋ ನಿಂತಿದೆಯೋ ಎಂಬುದೂ ಕೆಲವೊಮ್ಮೆ ಮರೆಯುತ್ತದೆ. ಅರ್ಧ ನಿದ್ದೆಯಲ್ಲಿ ನಾನು ಅವರ ಮಾತು ಕೇಳುತ್ತಿದ್ದೆ. ತುಳುವೂ ಕನ್ನಡವೂ ಬೆರೆತ ಮಾತು. ಹಲಸಿನ ಎಲೆ ಯಾವ ಅಂಗಡಿಗೆ ಬಂದಿದೆ, ಕಡುಬಿಗೆ ಯಾವ ಅಕ್ಕಿ ಆಗುತ್ತದೆ. ಮೊದಲ ಕೆಲವು ತಿಂಗಳು ಹಾಗೆಯೇ ಹೋದವು.

ನಾನು ಬೆಳೆದದ್ದು ಒಕ್ಕಲು ಮನೆಯಲ್ಲಿ. ಅಜ್ಜ ಬೇರೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಎಪ್ಪತ್ತರ ದಶಕದಲ್ಲಿ, ಉಳುವವನಿಗೇ ಹೊಲ ಎಂಬ ಕಾನೂನು ಬಂದಾಗ, ತಾವೇ ಉಳುವವರೆಂದು ಡಿಕ್ಲರೇಶನ್ ಅರ್ಜಿ ಕೊಟ್ಟು ಆ ಗದ್ದೆಗೆ ಒಡೆಯರಾದರು. ನಮ್ಮಲ್ಲಿ ಆ ಕಥೆಯನ್ನು ಪುರಾಣದ ಹಾಗೆ ಹೇಳುತ್ತಿದ್ದರು. ಅಜ್ಜ ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದ್ದು, ಧಣಿಯ ಎದುರು ಮೊದಲ ಬಾರಿಗೆ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಕೆಳಗಿಳಿಸದೆ ನಿಂತದ್ದು. ಧಣಿ ಎನ್ನುವುದು ನಮ್ಮ ಮನೆಯಲ್ಲಿ ಬೈಗುಳ. ಕೂತು ಉಣ್ಣುವವರನ್ನು ಅಮ್ಮ ಹಾಗೆ ಕರೆಯುತ್ತಿದ್ದಳು. ಅಪ್ಪ ಕೆಂಪು ಬಾವುಟದವರು. ಅವರ ಹೆಗಲ ಮೇಲೆ ಕೂತು, ಅರ್ಥ ತಿಳಿಯುವ ಮೊದಲೇ ನಾನು ಮೆರವಣಿಗೆಯ ಘೋಷಣೆಗಳನ್ನು ಕಲಿತಿದ್ದೆ.

ಊರಿನಲ್ಲಿ ಚುನಾವಣೆ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಅಣ್ಣ ತಾವಾಗಿ ಹೇಳಿದರು.

"ಈ ಹಂಚುವ ಪಾರ್ಟಿಗಳು ಅಂದ್ರೆ ನಂಗೆ ಹೆದ್ರಿಕೆ, ಗೊತ್ತುಂಟಾ?"

"ಇಲ್ಲದವರಿಗೆ ಕೊಡೋದು ತಪ್ಪಾ ಅಣ್ಣ?"

"ಕೊಡೋದು ಯಾರದ್ದನ್ನು ಅಂತಲೂ ಕೇಳ್ಬೇಕಲ್ಲ. ನಮ್ಮ ಗದ್ದೆ ಹೋದದ್ದು ಹಾಗೇ. ಡಿಕ್ಲರೇಶನಿನಲ್ಲಿ."

"ನಮಗೆ ಬಂದದ್ದೂ ಹಾಗೇ" ಅಂದೆ.

ಅವರು ರೇಡಿಯೋ ಹಾಕಿದರು. ಅದಾಗಿ ಒಂದು ವಾರ ಕಾರಿನೊಳಗೆ ರೇಡಿಯೋ ಮಾತ್ರ ಮಾತಾಡಿತು. ಬೆಳಿಗ್ಗೆ ಬಾಯಿಗೆ ಬಾರದ ಉತ್ತರಗಳನ್ನೆಲ್ಲ ನಾನು ಸಂಜೆ ಗಂಡನ ಮುಂದೆ ಹೇಳುತ್ತಿದ್ದೆ. ಗಂಡ ಮೈಸೂರಿನವನು, ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳದವನು. "ಒಂದೋ ಬಸ್ಸಲ್ಲಿ ಹೋಗು, ಇಲ್ಲಾಂದ್ರೆ ಅವರು ಹೇಳೋದನ್ನ ಪೂರ್ತಿ ಕೇಳಿಸ್ಕೋ. ನನ್ಮೇಲೆ ಯಾಕೆ ಭಾಷಣ?" ಅಂದ. ಬಸ್ಸಿಗೆ ಮತ್ತೆ ಹೋಗುವ ಮನಸ್ಸು ನನಗಿರಲಿಲ್ಲ.

ಮುಂದಿನ ವಾರ ಒಂದು ದಿನ ಮಂಜು ವಿಪರೀತ ದಟ್ಟವಾಗಿ, ಅಣ್ಣ ಕಾರನ್ನು ದಾರಿಬದಿಯ ಪೆಟ್ರೋಲ್ ಬಂಕಿಗೆ ತಿರುಗಿಸಿದರು. ಕಾಗದದ ಲೋಟಗಳಲ್ಲಿ ಕರಕ್ ಎಂಬ ಗಟ್ಟಿ ಹಾಲಿನ ಚಹಾ ತಂದುಕೊಟ್ಟರು. ಗಾಜಿನ ಹೊರಗೆ ಲೋಕವೇ ಇರಲಿಲ್ಲ.

"ಗದ್ದೆ ಹೋದಾಗ ನಿಮಗೆ ಎಷ್ಟು ವರ್ಷ ಅಣ್ಣ?" ಎಂದು ಕೇಳಿದೆ.

"ಎಂಟು," ಅಂದರು. "ಅಪ್ಪ ತೀರಿಹೋಗಿ ಎರಡು ವರ್ಷ ಆಗಿತ್ತು. ಅಮ್ಮನಿಗೆ ನೇಗಿಲು ಹಿಡೀಲಿಕ್ಕಾಗ್ತದಾ? ಇದ್ದದ್ದೇ ಮೂರು ಗದ್ದೆ, ಗೇಣಿಗೆ ಕೊಟ್ಟಿದ್ರು. ನಮ್ಮ ಒಕ್ಕಲಿನ ಮನೆ ನಮ್ಮ ಮನೆಗಿಂತ ಚಂದ ಇತ್ತು. ಆದ್ರೆ ಕಾನೂನಿನ ಲೆಕ್ಕದಲ್ಲಿ ನಮ್ಮ ಅಮ್ಮ ಧಣಿ."

"ಆಮೇಲೆ?"

"ಆಮೇಲೆ ಎಂತ? ಅಮ್ಮ ಕಂಡವರ ಮನೆ ಮದುವೆ ಮುಂಜಿಗೆ ಅಡಿಗೆಗೆ ಹೋದ್ರು. ನಾನು ಧರ್ಮದ ಊಟದ ಹಾಸ್ಟೆಲಿಗೆ ಹೋದೆ." ಚಹಾ ಒಂದು ಗುಟುಕು ಕುಡಿದರು. "ಒಂದು ದಿನ ಮೆರವಣಿಗೆ ನಮ್ಮ ಮನೆ ಎದುರಿಂದ ಹೋಯ್ತು. ಧಣಿಗಳಿಗೆ ಧಿಕ್ಕಾರ, ಅಂತ. ಅಮ್ಮ ಬಾಗಿಲು ಹಾಕಿ ಒಳಗೆ ಕೂತು ಬೇಳೆ ಆರಿಸ್ತಾ ಇದ್ರು. ಧಣಿ ಅಂದ್ರೆ ಯಾರಮ್ಮ ಅಂತ ಕೇಳಿದೆ. ಗೊತ್ತಿಲ್ಲ ಮಗಾ, ಅಂದ್ರು."

ಆ ಬಿಳುಪಿನೊಳಗೆ ಮೆರವಣಿಗೆಯೊಂದು ಹಾದುಹೋಗುತ್ತಿರುವಂತೆ ನನಗೆ ಅನ್ನಿಸಿತು. ಅಪ್ಪನ ಹೆಗಲ ಮೇಲೆ ಕೂತು ಕೂಗುತ್ತಿರುವವಳು ನಾನೇ. ಮುಚ್ಚಿದ ಬಾಗಿಲ ಸಂದಿನಿಂದ ನೋಡುತ್ತಿರುವವಳೂ ನಾನೇ. ಅವರ ಬಾಲ್ಯದ ಹೊತ್ತಿಗೆ ನಾನು ಹುಟ್ಟಿಯೇ ಇರಲಿಲ್ಲ. ಆದರೂ ಆ ಬೇಳೆಯ ಮೊರದ ಸದ್ದು ಕೇಳಿದ ಹಾಗಿತ್ತು.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ನಮ್ಮ ಮನೆಯ ಕಥೆಯಲ್ಲಿ ಧಣಿಗೆ, ಅಣ್ಣನ ಮನೆಯವರಲ್ಲದ ಬೇರೊಬ್ಬ ಧಣಿಗೆ, ಮುಖವೇ ಇರಲಿಲ್ಲ ಎಂಬುದು ನನಗೆ ಆಗಷ್ಟೇ ಹೊಳೆದಿತ್ತು.

"ಅಪ್ಪ, ನಮ್ಮ ಧಣಿ ಹೇಗಿದ್ದರು?"

"ಮುದುಕರು. ಒಳ್ಳೆಯವರೇನಲ್ಲ. ಗೇಣಿ ಅಕ್ಕಿ ತಂದ ನಿನ್ನ ಅಜ್ಜನನ್ನು ಮಧ್ಯಾಹ್ನದ ತನಕ ಬಿಸಿಲಲ್ಲಿ ನಿಲ್ಲಿಸ್ತಿದ್ರು," ಅಂದರು ಅಪ್ಪ. ಆಮೇಲೆ ಬೇರೆಯದೇ ದನಿಯಲ್ಲಿ ಮುಂದುವರಿಸಿದರು. "ಗದ್ದೆ ನಮ್ಮದು ಅಂತ ಆರ್ಡರ್ ಬಂದ ಮೇಲೆ ಅವರ ಸೊಸೆ ಒಂದು ದಿನ ಬಂದಿದ್ರು. ಗದ್ದೆಯ ಹುಣಿಯಲ್ಲಿ, ಆ ಬದುವಿನ ಮೇಲೆ ನಿಂತು, ಆ ಮಾವಿನಮರದಿಂದ ಉಪ್ಪಿನಕಾಯಿಗೆ ನಾಲ್ಕು ಮಿಡಿ ಕೊಯ್ಲಾ ಅಂತ ಕೇಳಿದ್ರು. ಅಜ್ಜ ಹೂಂ ಅನ್ನುವವರೇ ಇದ್ರು. ಅಷ್ಟರಲ್ಲಿ ನಾನು ನಡುವೆ ಬಾಯಿ ಹಾಕಿ, ಇನ್ನು ಇದು ನಮ್ಮದು, ಹೊರಡಿ ಅಂದೆ. ಹದಿನೈದು ವರ್ಷ ನಂಗೆ ಆಗ."

"ಇದನ್ನು ಯಾವತ್ತೂ ಹೇಳ್ಲಿಲ್ಲವಲ್ಲ ಅಪ್ಪ."

"ಹೇಳುವಂಥದ್ದಾ ಅದು?" ಅಂದರು. ಮತ್ತೆ ಗಟ್ಟಿಯಾಗಿ, "ಆದ್ರೆ ಒಂದು ನೆನಪಿಟ್ಕೋ. ಆ ಗದ್ದೆ ಬಾರದಿದ್ರೆ ನೀನು ಈಗ್ಲೂ ಬೀಡಿ ಕಟ್ಟಿಕೊಂಡು ಇರ್ತಿದ್ದಿ" ಅಂದರು.

ಅದೂ ಸುಳ್ಳಲ್ಲ. ಗದ್ದೆಯ ಬೆಳೆಯಿಂದ ನಾನು ಓದಿದೆ, ಓದಿದ್ದರಿಂದ ಈ ದೇಶಕ್ಕೆ ಬಂದೆ.

ಮರುದಿನ ಕಾರಿನಲ್ಲಿ ನಾನು ನಮ್ಮ ಅಜ್ಜಿಯ ಬಗ್ಗೆ ಹೇಳಿದೆ. ಧಣಿಗಳ ಮನೆಗೆ ಕೆಲಸಕ್ಕೆ ಹೋದರೆ ಅಜ್ಜಿ ಹಿತ್ತಲಲ್ಲೇ ನಿಲ್ಲಬೇಕಿತ್ತು. ಕಾಫಿಯನ್ನು ಮೇಲಿನಿಂದ ತೆಂಗಿನ ಗೆರಟೆಗೆ ಹೊಯ್ಯುತ್ತಿದ್ದರು. ಕುಡಿದಾದ ಮೇಲೆ ತೊಳೆದು ಬೇಲಿಯ ಹತ್ತಿರ ಕವುಚಿಡಬೇಕು. ಸಾಯುವ ತನಕ ಅಜ್ಜಿ ಕಾಫಿ ಮುಟ್ಟಲಿಲ್ಲ, ಬೆಲ್ಲದ ನೀರು ಕುಡಿಯುತ್ತಿದ್ದಳು. ವಾದಕ್ಕೆಂದು ಹೇಳಿದ್ದಲ್ಲ. ಅವರ ಅಮ್ಮನ ಬಗ್ಗೆ ಕೇಳಿದವಳು ನನ್ನ ಅಜ್ಜಿಯ ಬಗ್ಗೆಯೂ ಹೇಳಬೇಕು ಅನ್ನಿಸಿತ್ತು.

ಬಹಳ ದೂರ ಹೋದ ಮೇಲೆ, ಮಂಜು ತೆಳುವಾಗಿ ದುಬೈಯ ಮೊದಲ ಗೋಪುರಗಳು ನೆಲವಿಲ್ಲದೆ ತೇಲುವಂತೆ ಕಾಣತೊಡಗಿದಾಗ, ಅಣ್ಣ ಮೆಲ್ಲಗೆ ಹೇಳಿದರು.

"ನಮ್ಮ ಹಿತ್ತಲಲ್ಲೂ ಗೆರಟೆ ಇತ್ತು. ಅಷ್ಟು ಬಡತನದಲ್ಲೂ ಇತ್ತು. ಇಟ್ಟದ್ದು ಅಮ್ಮನೇ."

ಅದಾದ ಮೇಲೆ ನಾವು ಒಂದೇ ಅಭಿಪ್ರಾಯದವರಾದೆವು ಎಂದೇನೂ ಅಲ್ಲ. ಸರ್ಕಾರಕ್ಕೆ ಪಟ್ಟಿ ಕಾಣುತ್ತದೆ, ಮುಖ ಕಾಣುವುದಿಲ್ಲ ಎಂದು ಅವರು. ಧಣಿಗಳಿಗೆ ಮುಖ ಕಾಣುತ್ತಿತ್ತೇ ಎಂದು ನಾನು. ಆದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯುವುದು ರೂಢಿಯಾಯಿತು. ಓಟಿಲ್ಲದ, ಒಂದಂಗುಲ ಮಣ್ಣಿಲ್ಲದ ಊರಿನಲ್ಲಿ, ಯಾರದೋ ಗದ್ದೆಗಳ ಬಗ್ಗೆ ಮಾತಾಡುತ್ತ ಎಷ್ಟೋ ಬೆಳಗುಗಳು ಕರಗಿದವು. ಜಗಳವಾಡುವವರಿಗಿಂತ ಹೆಚ್ಚಾಗಿ, ಒಂದೇ ಊರನ್ನು ಬೇರೆ ಬೇರೆ ಕನಸಿನಲ್ಲಿ ಕಂಡವರಂತೆ ನಾವು ಇದ್ದೆವು.

ಮುಂದಿನ ಚಳಿಗಾಲದಲ್ಲಿ ಅಪ್ಪ ವಿಸಿಟ್ ವೀಸಾದಲ್ಲಿ ಬಂದರು. ಒಂದು ಶನಿವಾರ ಅಣ್ಣ ನಮ್ಮನ್ನು ಅಲ್ ಮೀನಾದ ತರಕಾರಿ ಮಾರುಕಟ್ಟೆಗೆ ಕರೆದೊಯ್ದರು. ಇಬ್ಬರೂ ಎದುರಾದರೆ ಏನಾಗುವುದೋ ಎಂದು ಬೆಳಿಗ್ಗೆಯಿಂದ ನನಗೆ ಅಳುಕು. ಅವರು ಅರ್ಧ ಗಂಟೆ ಬರೀ ಬೂದುಗುಂಬಳದ ಬಗ್ಗೆ ಮಾತಾಡಿದರು. ಯಾವ ತಿಂಗಳಲ್ಲಿ ಬೀಜ ಹಾಕಬೇಕು, ಹೂವು ಯಾಕೆ ಉದುರುತ್ತದೆ. ನಾನು ಚೀಲ ಹಿಡಿದು ಹಿಂದೆ ನಡೆಯುತ್ತಿದ್ದೆ. ಸಮುದ್ರದ ಗಾಳಿಗೆ ಕೊತ್ತಂಬರಿಯ ಪರಿಮಳ ಬೆರೆತಿತ್ತು.

ಸೌತೆಕಾಯಿಯ ರಾಶಿಯ ಹತ್ತಿರ ಅಪ್ಪ ನಿಂತರು. "ಮಗಳು ಹೇಳಿದ್ಲು," ಅಂದರು. "ನಿಮ್ಮ ಅಮ್ಮನ ವಿಷಯ. ಹಾಗೆ ಆಗ್ಬಾರದಿತ್ತು."

"ಆ ಕಾನೂನು ಸರಿ ಅಂತ ನಾನು ಸಾಯುವ ತನಕ ಒಪ್ಪುದಿಲ್ಲ," ಅಂದರು ಅಣ್ಣ.

"ಒಪ್ಪಬೇಡಿ," ಅಂದರು ಅಪ್ಪ. "ನಾನೂ ಅದನ್ನು ತಪ್ಪು ಅನ್ನುದಿಲ್ಲ."

ಅಣ್ಣ ಒಂದು ಸೌತೆಕಾಯಿ ಎತ್ತಿ ಅಪ್ಪನ ಕೈಯಲ್ಲಿಟ್ಟು, ಇದು ಸಾಂಬಾರಿಗೆ ಆಗಬಹುದಾ ನೋಡಿ ಅಂದರು. ಅಪ್ಪ ಉಗುರಿನಿಂದ ಒತ್ತಿ ನೋಡಿ, ಇನ್ನೂ ಎಳತು ಅಂದರು.

ಅಣ್ಣ ಈಗ ನಿವೃತ್ತರಾಗಿ ಮೈಸೂರಿನಲ್ಲಿ ಮಗಳ ಹತ್ತಿರ ಇದ್ದಾರೆ. ನಾನು ಊರಿಗೆ ಹೋದಾಗ ಓಟು ಹಾಕುವುದು ಮೊದಲಿನ ಚಿಹ್ನೆಗೇ. ಆದರೆ ಎದುರು ಪಕ್ಷದ ಒಬ್ಬರು ಮಾತು ಶುರು ಮಾಡಿದರೆ, ಅಣ್ಣನನ್ನು ಕೇಳಿದ ಹಾಗೆ, ನಿಮಗೆ ಆಗ ಎಷ್ಟು ವರ್ಷ ಎಂದು ಕೇಳುತ್ತೇನೆ. ಕೆಲವರು ಸಿಟ್ಟಾಗುತ್ತಾರೆ. ಕೆಲವರು ತಮ್ಮ ಕಥೆ ಹೇಳಲು ತೊಡಗುತ್ತಾರೆ.